ಸಮುದ್ರಕ್ಕೆ ಚೌಕ ಹಾಕಿದ ಮೌರಿ

ಗೆಳೆಯರೇ, ಲೆಕ್ಕದ ಚೌಕುಳಿ ಪುಸ್ತಕ ನಮ್ಮೆಲ್ಲರ ಹತ್ರಾನೂ ಇದೆ. ಅಂಥ ಚೌಕಗಳನ್ನು ಸಮುದ್ರದ ಮೇಲೇ ಹಾಕಿದ ಒಬ್ಬರ ಜೀವನವನ್ನು ಈ ಸಲ ನಾನು ಬರೆದಿದ್ದೇನೆ. ಅವರ ಹೆಸರು ಮ್ಯಾಥ್ಯೂ ಫಾಂಟೇನ್ ಮೌರಿ.

ಮೌರಿ 1806ರ ಜನವರಿ 14ರಂದು ಅಮೆರಿಕದ ವರ್ಜೀನಿಯಾದಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. 1825ರಲ್ಲಿ ನೌಕಾಪಡೆ ಸೇರಿ ಹಡಗಿನಲ್ಲಿ ಭೂಮಿಯನ್ನೇ ಸುತ್ತಿ ಬಂದರು. 1839ರಲ್ಲಿ ಕುದುರೆ ಗಾಡಿ ಮಗುಚಿ ಕಾಲು ಮುರಿಯಿತು. ಆಮೇಲೆ ಹಡಗಿನ ಕೆಲಸ ಆಗಲಿಲ್ಲ. 1842ರಲ್ಲಿ ವಾಷಿಂಗ್ಟನ್ನಿನಲ್ಲಿ ನಕ್ಷೆ ಮತ್ತು ಉಪಕರಣಗಳ ಕಚೇರಿಗೆ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿದರು.

ಅಲ್ಲಿ ಹಡಗುಗಳ ಹಳೇ ದಿನಚರಿಗಳು ರಾಶಿ ಬಿದ್ದಿದ್ದವು. ಹಡಗು ಯಾವ ದಿನ ಎಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ನೀರು ಎಷ್ಟು ಬೆಚ್ಚಗಿತ್ತು ಅಂತ ಅವುಗಳಲ್ಲಿ ಬರೆದಿತ್ತು. ಆದ್ರೆ ಒಂದು ಅಳತೆ ಇಲ್ಲಿದ್ದರೆ ಇನ್ನೊಂದು ಎಲ್ಲೋ ದೂರದಲ್ಲಿ. ಅಂಗಳದಲ್ಲಿ ಚೆಲ್ಲಿದ ಜೋಳದ ಹಾಗೆ!

ಮೌರಿ ಏನು ಮಾಡಿದ್ರು ಗೊತ್ತಾ? ನಕ್ಷೆಯಲ್ಲಿ 5 ಡಿಗ್ರಿ ಅಕ್ಷಾಂಶ, 5 ಡಿಗ್ರಿ ರೇಖಾಂಶಕ್ಕೆ ಒಂದೊಂದು ಚೌಕ ಎಳೆಸಿದರು. ಆ ಚೌಕದೊಳಗೆ ಕಂಡ ಗಾಳಿಯನ್ನೆಲ್ಲ ತಿಂಗಳುವಾರು ಎಣಿಸಿ ಅಲ್ಲೇ ಬರೆಸಿದರು. ಎಷ್ಟು ಸಲ ನೋಡಿದ್ದು ಅನ್ನೋದನ್ನೂ ಸೇರಿಸಿದರು. ನೀರಿನ ಉಷ್ಣತೆಗೆ ಬೇರೆ ನಕ್ಷೆಗಳನ್ನು ಮಾಡಿದರು. ಮೊದಲ ನಕ್ಷೆ ಬಂದದ್ದು 1847ರಲ್ಲಿ. ಮರುವರ್ಷ ಬಾಲ್ಟಿಮೋರಿನ ಒಂದು ಹಡಗು ಅದನ್ನು ನಂಬಿ ರಿಯೋ ಡಿ ಜನೈರೋಗೆ ಹೋಗಿ ಬಂತು. ಒಂದು ತಿಂಗಳಿಗೂ ಹೆಚ್ಚು ಸಮಯ ಉಳಿಯಿತು! ಹಾಯಿ ಹಡಗಿನವರಿಗೆ ಒಂದು ತಿಂಗಳು ಅಂದ್ರೆ ಅಷ್ಟು ದಿನದ ಅನ್ನ, ನೀರು. 1853ರಲ್ಲಿ ಬ್ರಸೆಲ್ಸ್‌ನಲ್ಲಿ 10 ದೇಶದವರು ಸೇರಿ, ಎಲ್ಲರೂ ಒಂದೇ ರೀತಿ ದಿನಚರಿ ಬರೆಯೋಣ ಅಂತ ತೀರ್ಮಾನಿಸಿದರು.

ಒಂದು ಮಾತು ಮುಚ್ಚಿಡಬಾರದು. 1861ರ ಅಂತರ್ಯುದ್ಧದಲ್ಲಿ ಮೌರಿ, ಗುಲಾಮಗಿರಿ ಉಳಿಯಬೇಕು ಎಂದ ದಕ್ಷಿಣದವರ ಪಕ್ಷ ಸೇರಿದರು. ಅದು ನನಗೆ ಸರಿ ಕಾಣಲಿಲ್ಲ. 1873ರ ಫೆಬ್ರವರಿ 1ರಂದು ತೀರಿಕೊಂಡರು.

ಅವರ ಚೌಕ ಮಾತ್ರ ಉಳಿದಿದೆ. ಈಗ ಸುಮಾರು 4000 ಆರ್ಗೋ ತೇಲುಯಂತ್ರಗಳು ಸಮುದ್ರದ ಉಷ್ಣತೆ ಅಳೆಯುತ್ತಿವೆ. ನಮ್ಮ ದೇಶವೂ ಈ ಕೆಲಸದಲ್ಲಿದೆ. ಅಳತೆ ಸಿಗದ ಚೌಕಕ್ಕೆ ಸುತ್ತಲಿನ ಅಳತೆಗಳಿಂದ ಅಂದಾಜು ಹಾಕುತ್ತಾರೆ. ಹತ್ತಿರದ ಅಳತೆಗೆ ಹೆಚ್ಚು ಬೆಲೆ, ದೂರದ್ದಕ್ಕೆ ಕಡಿಮೆ. ಸಮುದ್ರ ಎಷ್ಟು ಕಾಯುತ್ತಿದೆ ಅಂತ ತಿಳಿಯೋದು ಹೀಗೆ.

ನೀವೂ ಮಾಡಿ ನೋಡಿ. ನಮ್ಮೂರಿನ ನಕ್ಷೆ ಬರೆದು ಚೌಕ ಹಾಕಿ, ಯಾವ ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ ಅಂತ ತುಂಬಿಸಿ. ಅಳೆದದ್ದನ್ನು ಶಾಯಿಯಲ್ಲಿ ಬರೆಯಿರಿ, ಅಂದಾಜನ್ನು ಪೆನ್ಸಿಲ್‌ನಲ್ಲಿ. ಎರಡನ್ನೂ ಕಲಸಬೇಡಿ.