ಇಂದ್ರಲಾಲ್ ರಾಯ್: ದಫ್ತರದ ಕಾಗದಗಳಲ್ಲಿ ಉಳಿದ ವೈಮಾನಿಕ

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನದಳವನ್ನು ಸೇರಿ ಕಾದಿದ ಭಾರತೀಯರು ಬೆರಳ ಮೇಲೆ ಎಣಿಸುವಷ್ಟು ಮಂದಿ. ಹರದಿತ್ ಸಿಂಗ್ ಮಲಿಕರು ಬದುಕಿ ಬಂದು ತಮ್ಮ ಕಥೆಯನ್ನು ತಾವೇ ಹೇಳಿದರು. ಸೇನರು ಜರ್ಮನರಿಗೆ ಸೆರೆ ಸಿಕ್ಕಿದರು. ವೇಲಿಣಕರರು ಮಡಿದಾಗ ಜರ್ಮನರು ಗೋರಿಯ ಮೇಲೆ ಹೆಸರನ್ನು ಗುರುತು ಸಿಗದಷ್ಟು ಕೆಡಿಸಿ ಬರೆದರಾಗಿ, ಅದು ಯಾರ ಗೋರಿಯೆಂಬುದನ್ನು ಯುದ್ಧಾನಂತರ ಪತ್ರವ್ಯವಹಾರದಿಂದಲೇ ನಿಶ್ಚಯಿಸಬೇಕಾಯಿತು. ನಾಲ್ಕನೆಯವರು ಇಂದ್ರಲಾಲ್ ರಾಯ್. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಇವರ ಯುದ್ಧಜೀವನವನ್ನು ನಾವು ಬಹುಮಟ್ಟಿಗೆ ದಫ್ತರದ ಕಾಗದಗಳಿಂದಲೇ ತಿಳಿಯಬೇಕಾಗಿದೆ.

ರಾಯ್ 1898ರ ಡಿಸೆಂಬರ್ 2ರಂದು ಕಲಕತ್ತೆಯಲ್ಲಿ ಜನಿಸಿದರು. ತಂದೆ ಬ್ಯಾರಿಸ್ಟರರು, ತಾಯಿ ಲೋಲಿತಾ ರಾಯ್ ಲಂಡನಿನಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ದುಡಿದವರು. ಹುಡುಗನ ವಿದ್ಯಾಭ್ಯಾಸವು ಅಲ್ಲಿಯ ಸೇಂಟ್ ಪಾಲ್ಸ್ ಶಾಲೆಯಲ್ಲಿ ನಡೆಯಿತು. ದೃಷ್ಟಿದೋಷವೆಂದು ಮೊದಲು ವಿಮಾನದಳವು ತಿರಸ್ಕರಿಸಲು, ತನ್ನ ಮೋಟಾರು ಸೈಕಲ್ಲನ್ನು ಮಾರಿ ಆ ಹಣದಿಂದ ನೇತ್ರವೈದ್ಯರೊಬ್ಬರಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡರೆಂದು ಹೇಳುವರು. 1917ರ ಜುಲೈ 5ರಂದು ಸೆಕೆಂಡ್ ಲೆಫ್ಟಿನೆಂಟರಾಗಿ ಸನ್ನದು ದೊರೆಯಿತು. ಭಾರತೀಯರಿಗೆ ಸೈನ್ಯದಲ್ಲಿ ರಾಜನ ಸನ್ನದು ಕೊಡಲಾಗದೆಂಬ ಅಡ್ಡಿಯನ್ನು ಸರಕಾರವು ತೆಗೆದುಹಾಕಿದ್ದು ಆ ವರುಷದ ಆಗಸ್ಟಿನಲ್ಲಿ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

ಅಕ್ಟೋಬರಿನ ಕೊನೆಯಲ್ಲಿ ಅವರು ಫ್ರಾನ್ಸಿನಲ್ಲಿದ್ದ 56ನೆಯ ಪಡೆಯನ್ನು ಸೇರಿದರು. ಡಿಸೆಂಬರ್ 6ರಂದು ವಿಮಾನವು ನೆಲಕ್ಕಪ್ಪಳಿಸಿತು. ಪ್ರಜ್ಞೆ ತಪ್ಪಿದ್ದ ಅವರನ್ನು ಸತ್ತವರೆಂದೇ ತಿಳಿದು ಶವಾಗಾರದಲ್ಲಿ ಮಲಗಿಸಿದರೆಂದೂ, ಎಚ್ಚರವಾದ ಮೇಲೆ ಬಾಗಿಲು ಬಡಿದು ಹೊರಗಿನವರನ್ನು ನಡುಗಿಸಿದರೆಂದೂ ಕಥೆಯುಂಟು. ಇಂಥದನ್ನು ಬರೆಯುವ ಅಂಕಣವು ಯಾವ ಸರಕಾರೀ ನಮೂನೆಯಲ್ಲಿಯೂ ಇರುವುದಿಲ್ಲ! ಚೇತರಿಸಿಕೊಳ್ಳುತ್ತಿದ್ದಾಗ ಬರೆದ ವಿಮಾನಗಳ ಚಿತ್ರಗಳು ಹಲವು ಇಂದಿಗೂ ಉಳಿದಿವೆ. ವೈದ್ಯರು ಹಾರಾಟಕ್ಕೆ ಅನರ್ಹರೆಂದರೂ ರಾಯ್ ಹಟ ಬಿಡದೆ 1918ರ ಜೂನಿನಲ್ಲಿ 40ನೆಯ ಪಡೆಗೆ ಸೇರಿ ಮರಳಿ ರಣರಂಗಕ್ಕೆ ಬಂದರು. ಅಲ್ಲಿ ಅವರ ನಾಯಕರು ಮ್ಯಾಕೆಲ್ರಾಯ್.

ಮುಂದಿನದೆಲ್ಲ ಎರಡು ವಾರಗಳ ವೃತ್ತಾಂತ. ಜುಲೈ 6ರಂದು ಮೊದಲ ಶತ್ರುವಿಮಾನ. 8ರಂದು ನಾಲ್ಕು ತಾಸುಗಳೊಳಗೆ ಮೂರು. 13ರಂದು ಎರಡು, 15ರಂದು ಎರಡು, 18ರಂದು ಒಂದು, 19ರಂದು ಕಡೆಯದು. ಒಟ್ಟು ಹತ್ತು, ಇವುಗಳಲ್ಲಿ ಎರಡು ಇತರರೊಡನೆ ಹಂಚಿಕೊಂಡವು. ಆದರೆ ಮರಣಾನಂತರ ಸೆಪ್ಟೆಂಬರಿನಲ್ಲಿ ವೈಮಾನಿಕ ಶೌರ್ಯಪದಕವನ್ನು ಸಾರಿದ ಪ್ರಕಟಣೆಯು ಹದಿಮೂರು ದಿನಗಳಲ್ಲಿ ಒಂಬತ್ತೆಂದೇ ಎಣಿಸಿತು. ಈ ಲೆಕ್ಕವು ಅಷ್ಟು ಸುಲಭವಾದುದಲ್ಲ. ವೈಮಾನಿಕನು ಹಿಂದಿರುಗಿದೊಡನೆ ಕಾಳಗದ ವರದಿಯನ್ನು ಬರೆದುಕೊಡಬೇಕಾಗಿತ್ತು. ಶತ್ರುವಿಮಾನವು ಉರಿದುದನ್ನಾಗಲಿ ಒಡೆದು ಬಿದ್ದುದನ್ನಾಗಲಿ ಕಂಡರೆ ಅದು ನಾಶವಾಯಿತೆಂದೂ, ಹತೋಟಿ ತಪ್ಪಿ ಉರುಳುತ್ತ ಇಳಿದದ್ದಷ್ಟೇ ಕಂಡರೆ ಬೇರೆ ವರ್ಗವೆಂದೂ ದಾಖಲಾಗುತ್ತಿತ್ತು. ರಾಯ್ ಅವರ ಲೆಕ್ಕದಲ್ಲಿ ಮೊದಲನೆಯ ವರ್ಗದವು ಐದು, ಎರಡನೆಯ ವರ್ಗದವು ಐದು. ಎದುರು ಪಕ್ಷದ ಕಾಗದಗಳೊಡನೆ ತಾಳೆ ನೋಡೋಣವೆಂದರೆ, ಪಾಟ್ಸ್‌ಡಾಮಿನಲ್ಲಿದ್ದ ಜರ್ಮನ್ ಸೈನ್ಯದ ದಫ್ತರಖಾನೆಯು 1945ರ ಏಪ್ರಿಲಿನ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಆದುದರಿಂದ ಅಂಕೆಯನ್ನು ಹಿಗ್ಗಿಸುವವರ ಮಾತನ್ನೂ ಕುಗ್ಗಿಸುವವರ ಮಾತನ್ನೂ ನಾವು ಎಚ್ಚರಿಕೆಯಿಂದಲೇ ಕೇಳಬೇಕು.

ಜುಲೈ 22ರಂದು ಕಾರ್ವಿನ್ ಪಟ್ಟಣದ ಮೇಲಣ ಆಕಾಶದಲ್ಲಿ ಫೋಕರ್ ವಿಮಾನಗಳೊಡನೆ ಕಾದುತ್ತ ರಾಯ್ ಹತರಾದರು. ಒಂಬತ್ತು ದಿನಗಳಾದ ಮೇಲೆ ಮ್ಯಾಕೆಲ್ರಾಯರೂ ಮಡಿದರು.

ಇಂಥವರನ್ನು ಅರಸಹೊರಟವರಿಗೆ ದಿನಾಂಕಗಳೇ ದಾರಿದೀಪ. 1918ರ ಏಪ್ರಿಲ್ 1ರಂದು ಸೇನೆಯ ಮತ್ತು ನೌಕಾಪಡೆಯ ವಿಮಾನದಳಗಳನ್ನು ಒಂದುಗೂಡಿಸಿ ಪ್ರತ್ಯೇಕ ವಾಯುಸೇನೆಯನ್ನು ಸ್ಥಾಪಿಸಿದರು. ಅದಕ್ಕೆ ಮೊದಲೇ ಮಡಿದ ಸೇನಾ ವಿಮಾನದಳದ ಅಧಿಕಾರಿಗಳ ಕಾಗದಗಳನ್ನು ಸೈನ್ಯದ ಕಡತಗಳಲ್ಲಿ ಹುಡುಕಬೇಕು. ಆಮೇಲೆ ಸೇವೆಯಲ್ಲಿದ್ದವರವು ವಾಯುಸೇನೆಯ ಸಾಲಿನಲ್ಲಿವೆ. ಇವೆರಡೂ ಲಂಡನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರಖಾನೆಯಲ್ಲಿ ದೊರೆಯುವುವು. ಗಾಯ, ಅಪಘಾತ, ಮರಣಗಳನ್ನು ಗುರುತಿಸಿದ ನಮೂನೆಗಳು ಹೆಂಡನಿನ ವಾಯುಸೇನಾ ವಸ್ತುಸಂಗ್ರಹಾಲಯದಲ್ಲಿವೆ. ಎಲ್ಲಿಗೆ ವರ್ಗವಾಯಿತು, ಯಾವ ದಿನ ಆಸ್ಪತ್ರೆ, ಯಾವ ದಿನ ನಾಪತ್ತೆ ಎಂಬುದನ್ನು ಇಂಥ ಹಾಳೆಗಳು ತಿಳಿಸುತ್ತವೆ. ತನ್ನ ದೇಶವು ಪರಾಧೀನವಾಗಿದ್ದಾಗ ಆಳುವವರ ಯುದ್ಧಕ್ಕೆ ತರುಣನೊಬ್ಬನು ಜೀವವನ್ನು ಏಕೆ ಒಪ್ಪಿಸಿದನೆಂಬ ಪ್ರಶ್ನೆಗೆ ಮಾತ್ರ ಅವುಗಳಲ್ಲಿ ಉತ್ತರವಿಲ್ಲ. ಅದಕ್ಕಾಗಿ ಅವರನ್ನು ಪರಕೀಯರ ಆಳೆಂದು ತಳ್ಳಿಬಿಡುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಆಕಾಶಯುದ್ಧದಲ್ಲಿ ಭಾರತೀಯನು ಸರಿಸಮನಾಗಿ ನಿಲ್ಲಬಲ್ಲನೆಂಬುದನ್ನು ಆಳುವವರ ಕೈಬರಹದಲ್ಲಿಯೇ ಅವರು ದಾಖಲೆ ಮಾಡಿಸಿಹೋದರು. ಸ್ವತಂತ್ರ ಭಾರತದ ವಾಯುಸೇನೆಗೆ 1954ರಲ್ಲಿ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೋ ಮುಖರ್ಜಿಯವರು ಇವರ ಬಂಧುಗಳೇ. 1998ರಲ್ಲಿ ನಮ್ಮ ಅಂಚೆ ಇಲಾಖೆಯು ರಾಯ್ ಅವರ ಸ್ಮರಣೆಗಾಗಿ ಚೀಟಿಯನ್ನು ಹೊರಡಿಸಿತು.

ಅವರ ಸಮಾಧಿಯು ಉತ್ತರ ಫ್ರಾನ್ಸಿನ ಎಸ್ತವೆಲ್ ಗ್ರಾಮದ ಶ್ಮಶಾನದಲ್ಲಿದೆ. ಅದರ ಕಲ್ಲಿನ ಮೇಲೆ ಫ್ರೆಂಚ್ ಬರಹದೊಡನೆ ಬಂಗಾಳಿ ಅಕ್ಷರಗಳನ್ನೂ ಕೆತ್ತಿದ್ದಾರೆ.