ಬೆರಳಿಗೆ ಅಕ್ಷರವನ್ನಿತ್ತ ಲೂಯಿ ಬ್ರೈಲ್

ಲಿಪಿಯೆಂಬುದು ಕಣ್ಣಿನ ಸೊತ್ತೆಂದು ಲೋಕವು ಬಹುಕಾಲ ನಂಬಿತ್ತು. ಕಣ್ಣಿಲ್ಲದವನಿಗೆ ವಿದ್ಯೆ ಬೇಕಾದರೆ ಅವನು ಕಿವಿಯನ್ನೇ ಆಶ್ರಯಿಸಬೇಕು. ಓದಿ ಹೇಳುವವರಿಗಾಗಿ ಕಾಯಬೇಕು. ಕೇಳಿದ್ದನ್ನು ನೆನಪಿನಲ್ಲಿ ಹೊರಬೇಕು. ತಾನೇ ಓದಿ ತಾನೇ ಬರೆಯುವ ಸ್ವಾತಂತ್ರ್ಯ ಅವನ ಪಾಲಿಗಿರಲಿಲ್ಲ. ಆ ಸ್ವಾತಂತ್ರ್ಯವನ್ನು ತಂದುಕೊಟ್ಟವನು ದೊಡ್ಡ ವಿದ್ವಾಂಸನಲ್ಲ, ಅಧಿಕಾರಿಯಲ್ಲ. ಹದಿನೈದು ವರ್ಷದ ಒಬ್ಬ ಅಂಧ ವಿದ್ಯಾರ್ಥಿ.

ಲೂಯಿ ಬ್ರೈಲ್ 1809ನೆಯ ಇಸವಿ ಜನವರಿ 4ರಂದು ಫ್ರಾನ್ಸಿನ ಕೂವ್ರೆ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಸಿಮೋನ್ ರೆನೆ ಕುದುರೆಯ ಜೀನು ಲಗಾಮುಗಳನ್ನು ಮಾಡುವ ಕಸುಬಿನವನು. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಆಡುತ್ತಿದ್ದಾಗ, ತೊಗಲಿಗೆ ತೂತು ಕೊರೆಯುವ ಮೊನಚಾದ ಹತಾರವು ಕಣ್ಣಿಗೆ ನಾಟಿತು. ಗಾಯವು ಕೆರಳಿತು, ಇನ್ನೊಂದು ಕಣ್ಣೂ ಅದೇ ಬೇನೆಗೆ ಸಿಕ್ಕಿತು. ಐದು ವರ್ಷ ತುಂಬುವಷ್ಟರಲ್ಲಿ ಬಾಲಕನಿಗೆ ಬೆಳಕೆಂಬುದೇ ಇಲ್ಲವಾಯಿತು.

ಅಂಧ ಮಕ್ಕಳಲ್ಲಿ ಅನೇಕರಿಗೆ ಭಿಕ್ಷೆಯೇ ಗತಿಯಾಗಿದ್ದ ಕಾಲವದು. ಆದರೆ ಈ ಮನೆಯವರು ಮಗನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ತಂದೆಯು ಊರುಗೋಲನ್ನು ಕೆತ್ತಿಕೊಟ್ಟು ಹಳ್ಳಿಯ ದಾರಿಗಳಲ್ಲಿ ತಾನಾಗಿಯೇ ನಡೆಯಲು ಬಿಟ್ಟನು; ಹಲಗೆಯ ಮೇಲೆ ಮೊಳೆಗಳನ್ನು ಅಕ್ಷರಗಳ ಆಕಾರದಲ್ಲಿ ಬಡಿದು ಸವರಿಸಿ ಕಲಿಸಿದನು. ಊರಿನ ಪಾದ್ರಿ ಪಾಲ್ವಿ ಪಾಠ ಹೇಳಿದನು. ಹಳ್ಳಿಯ ಶಾಲೆ ಅವನನ್ನು ಉಳಿದ ಮಕ್ಕಳೊಡನೆ ಕುಳ್ಳಿರಿಸಿಕೊಂಡಿತು. ಮನೆ ಮತ್ತು ಊರು ಕೊಟ್ಟ ಈ ಆಸರೆ ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

1819ರಲ್ಲಿ, ಹತ್ತು ವರ್ಷದವನಾಗಿದ್ದಾಗ, ಲೂಯಿ ಪ್ಯಾರಿಸಿನ ಅಂಧರ ಶಾಲೆಯನ್ನು ಸೇರಿದನು. ಅದನ್ನು ಸ್ಥಾಪಿಸಿದವನು ವ್ಯಾಲೆಂಟಿನ್ ಹೌಯಿ ಎಂಬ ಪುಣ್ಯಾತ್ಮ. ಅಲ್ಲಿ ಕೈಕಸುಬುಗಳನ್ನೂ ಸಂಗೀತವನ್ನೂ ಕಲಿಸುತ್ತಿದ್ದರು. ಪುಸ್ತಕಗಳೂ ಇದ್ದವು; ರೋಮನ್ ಅಕ್ಷರಗಳನ್ನೇ ದಪ್ಪ ಕಾಗದದಲ್ಲಿ ಉಬ್ಬುವಂತೆ ಒತ್ತಿ ಮಾಡಿದ ಭಾರವಾದ ಹೊತ್ತಗೆಗಳು. ಒಂದೊಂದು ಅಕ್ಷರದ ಸುತ್ತಲೂ ಬೆರಳಾಡಿಸಿ ಗುರುತಿಸುವಷ್ಟರಲ್ಲಿ ವಾಕ್ಯದ ಮೊದಲು ಮರೆತುಹೋಗುವುದು. ಅಂಥ ಅಕ್ಷರಗಳನ್ನು ಅಂಧನು ತಾನಾಗಿ ಬರೆಯುವುದಂತೂ ಆಗದ ಮಾತು. ಹೌಯಿಯ ಉದ್ದೇಶ ದೊಡ್ಡದು. ಆದರೆ ಅವನು ಕೊಟ್ಟದ್ದು ಕಣ್ಣುಳ್ಳವರ ಲಿಪಿ.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ಸೇನಾಧಿಕಾರಿಯ ಬರವಣಿಗೆಯ ಕ್ರಮವೊಂದು ಶಾಲೆಗೆ ಬಂದಿತು. ಅದರಲ್ಲಿ ಗೆರೆಗಳಿಲ್ಲ, ಉಬ್ಬಿದ ಚುಕ್ಕೆಗಳು. ಬೆರಳಿಗೆ ಗೆರೆಗಿಂತ ಚುಕ್ಕೆ ಸುಲಭವೆಂಬುದನ್ನು ಹುಡುಗರು ಕೂಡಲೇ ಕಂಡುಕೊಂಡರು. ಆದರೆ ಒಂದು ಸಂಕೇತಕ್ಕೆ 12 ಚುಕ್ಕೆಗಳವರೆಗೆ ಬೇಕಾಗಿ, ಒಂದೇ ಸ್ಪರ್ಶಕ್ಕೆ ಅದು ನಿಲುಕುತ್ತಿರಲಿಲ್ಲ. ಸಂಕೇತಗಳು ಉಚ್ಚಾರಣೆಯನ್ನಷ್ಟೇ ಸೂಚಿಸುತ್ತಿದ್ದುದರಿಂದ ಕಾಗುಣಿತಕ್ಕೂ ಲೇಖನ ಚಿಹ್ನೆಗೂ ಎಡೆಯಿರಲಿಲ್ಲ. ಲೂಯಿ ಬಿಡುವಿನ ವೇಳೆಯನ್ನೆಲ್ಲ ಇದಕ್ಕೆ ಸುರಿದನು. 1824ರ ವೇಳೆಗೆ ಹನ್ನೆರಡು ಆರಕ್ಕಿಳಿಯಿತು. ನಿಲುವಿನಲ್ಲಿ ಮೂರು, ಅಡ್ಡಲಾಗಿ ಎರಡು. ಈ ಆರರಿಂದ 63 ಬೇರೆ ಬೇರೆ ಗುರುತುಗಳು ಹುಟ್ಟುತ್ತವೆ. ಪ್ರತಿಯೊಂದೂ ಬೆರಳ ತುದಿಯಲ್ಲಿ ಅಡಗುತ್ತದೆ. 1829ರಲ್ಲಿ ಅವನು ಈ ಕ್ರಮವನ್ನು ಪ್ರಕಟಿಸಿದನು. ಸಂಗೀತದ ಸ್ವರಗಳನ್ನೂ ಅದಕ್ಕೆ ಅಳವಡಿಸಿದ್ದರಿಂದ, ವಾದನವೇ ಜೀವನೋಪಾಯವಾದ ಅಂಧನು ಇತರರ ಹಂಗಿಲ್ಲದೆ ಕೃತಿಯನ್ನು ಅಭ್ಯಾಸಮಾಡುವುದು ಸಾಧ್ಯವಾಯಿತು. ಲೂಯಿ ತಾನೂ ಪ್ಯಾರಿಸಿನ ಇಗರ್ಜಿಗಳಲ್ಲಿ ಆರ್ಗನ್ ನುಡಿಸಿದನು. 1833ರಲ್ಲಿ ಅದೇ ಶಾಲೆಯಲ್ಲಿ ಉಪಾಧ್ಯಾಯನಾದನು.

ಆದರೂ ಶಾಲೆ ಈ ಲಿಪಿಯನ್ನು ಅಂಗೀಕರಿಸಲಿಲ್ಲ. ಇದು ಅಂಧರನ್ನು ಉಳಿದ ಸಮಾಜದಿಂದ ಬೇರ್ಪಡಿಸುವುದೆಂಬುದು ಹಿರಿಯರ ಆಕ್ಷೇಪ. 1840ರಲ್ಲಿ ಅಧಿಕಾರಕ್ಕೆ ಬಂದ ಮುಖ್ಯಸ್ಥ ದ್ಯುಫೋ ಅದನ್ನು ನಿಷೇಧಿಸಿದನು. ಕಲಿಸುವವನಿಗೆ ಬೇಡವಾದದ್ದು ಕಲಿಯುವವನಿಗೆ ಪ್ರಾಣವಾಗಿತ್ತು. ವಿದ್ಯಾರ್ಥಿಗಳು ಗುಟ್ಟಾಗಿ ಚುಕ್ಕೆಗಳಲ್ಲಿಯೇ ಬರೆದುಕೊಳ್ಳುತ್ತಿದ್ದರು. ಕೊನೆಗೆ ಸೋತದ್ದು ನಿಷೇಧವೇ. 1844ರಲ್ಲಿ ಶಾಲೆಯ ಹೊಸ ಕಟ್ಟಡದ ಪ್ರಾರಂಭೋತ್ಸವದಂದು ಈ ಲಿಪಿಯ ಗುಣವನ್ನು ಸಭೆಯ ಮುಂದೆ ತೋರಿಸಲಾಯಿತು. ಆಕ್ಷೇಪಕ್ಕೆ ಲೂಯಿ ಅದಕ್ಕೆ ಮೊದಲೇ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದ್ದನು. ಅಂಧರು ತಮ್ಮ ಮನೆಯವರಿಗೆ ಕಾಗದ ಬರೆಯಲೆಂದು, ಕಣ್ಣುಳ್ಳವರೂ ಓದಬಲ್ಲ ಅಕ್ಷರಗಳನ್ನು ಚುಕ್ಕೆಗಳಿಂದ ಮೂಡಿಸುವ ಇನ್ನೊಂದು ವಿಧಾನವನ್ನು 1839ರಲ್ಲಿಯೇ ಹೊರತಂದಿದ್ದನು.

ಬಹುಕಾಲ ಕ್ಷಯದಿಂದ ನರಳಿ, 1852ರ ಜನವರಿ 6ರಂದು, ನಲವತ್ತಮೂರರ ವಯಸ್ಸಿನಲ್ಲಿ ಅವನು ಕಣ್ಮುಚ್ಚಿದನು. ಫ್ರಾನ್ಸ್ ಅವನ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ನೂರು ವರ್ಷಗಳ ತರುವಾಯ, 1952ರಲ್ಲಿ, ಅವನ ಅಸ್ಥಿಗಳನ್ನು ರಾಷ್ಟ್ರದ ಮಹಾಪುರುಷರು ಮಲಗಿರುವ ಪ್ಯಾರಿಸಿನ ಪಾಂತೆಯೋನ್ ಮಂದಿರಕ್ಕೆ ಸಾಗಿಸಿದರು. ಕೈಗಳ ಅಸ್ಥಿಗಳನ್ನು ಮಾತ್ರ ಕೂವ್ರೆಯಲ್ಲಿಯೇ ಉಳಿಸಿಕೊಂಡರು.

ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ರೂಪುಗೊಂಡಿತು. ಅಂದು ಆ ಹುಡುಗನು ತನ್ನ ಭಾಷೆಯ ಮೊದಲ ಅಕ್ಷರಕ್ಕೆ ಕೊಟ್ಟ ಒಂದೇ ಒಂದು ಚುಕ್ಕೆಯು ಇಂದು ನಮ್ಮ ಅಕಾರವೂ ಆಗಿದೆ. ನಮ್ಮ ದೇಶದ 2016ರ ಕಾನೂನು ವಿಕಲಚೇತನರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಶೇಕಡಾ 4ಕ್ಕೆ ಕಡಮೆಯಿಲ್ಲದ ಮೀಸಲನ್ನು ವಿಧಿಸಿದೆ. ಕಾನೂನು ಬಾಗಿಲನ್ನು ತೆರೆಯಬಲ್ಲದು. ಆ ಬಾಗಿಲವರೆಗೆ ನಡೆಸಿಕೊಂಡು ಬರಬೇಕಾದವರು ಹಲಗೆಗೆ ಮೊಳೆ ಬಡಿದು ಕಲಿಸುವ ತಂದೆತಾಯಿಗಳು, ಪಕ್ಕದಲ್ಲಿ ಕೂರಿಸಿಕೊಳ್ಳುವ ಶಾಲೆಗಳು. ಉಪಕಾರ ಮಾಡಹೊರಟವರು ತಮಗೆ ಅನುಕೂಲವಾದುದನ್ನು ಕೊಡುವ ಮೊದಲು, ಪಡೆಯುವವನ ಬೆರಳಿಗೆ ಯಾವುದು ಹಿತವೆಂದು ಅವನನ್ನೇ ಕೇಳಬೇಕೆಂಬುದು ಲೂಯಿ ಬ್ರೈಲನ ಬಾಳು ಕಲಿಸುವ ಪಾಠ.