ಯುವಜನರ ಕೈಗೆ ಕಸುಬು ಕೊಟ್ಟ ಸಂತ ಜಾನ್ ಬೋಸ್ಕೊ

ನೂರು ವರ್ಷಗಳನ್ನು ಪೂರೈಸಿದ ದೇವಾಲಯವೊಂದು ತನ್ನ ಹಿರಿಯರನ್ನು ಕೃತಜ್ಞತೆಯಿಂದ ಸ್ಮರಿಸುವ ಈ ಶುಭ ಸಂದರ್ಭದಲ್ಲಿ, ಮುಂದಿನ ನೂರು ವರ್ಷಗಳ ಭಾರವನ್ನು ಹೊರಬೇಕಾದ ಕಿರಿಯರ ಕುರಿತೂ ನಾವು ಯೋಚಿಸಬೇಕಾದುದು ಉಚಿತವಾಗಿದೆ. ನಮ್ಮ ಮಕ್ಕಳು ಶಾಲಾ ಕಾಲೇಜುಗಳಲ್ಲಿ ಒಳ್ಳೆಯ ಅಂಕಗಳನ್ನು ಪಡೆಯುತ್ತಿದ್ದಾರೆ; ಅದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸೋಣ. ಆದರೆ ಮನೆ ಬಿಟ್ಟು ಪರಸ್ಥಳಕ್ಕೆ ಹೋದಾಗ ಒಂದು ಹೊತ್ತಿನ ಗಂಜಿ ಬೇಯಿಸಿಕೊಳ್ಳಲು, ಹರಿದ ಅಂಗಿಯನ್ನು ಹೊಲಿದುಕೊಳ್ಳಲು, ಕೈಗೆ ಬಂದ ಸಂಬಳವನ್ನು ತಿಂಗಳ ಕೊನೆಯವರೆಗೂ ಹಂಚಿಕೊಂಡು ಬಾಳಲು, ಸಹಿ ಹಾಕುವ ಮೊದಲು ಕಾಗದವನ್ನು ಓದಿ ತಿಳಿಯಲು ಅವರಲ್ಲಿ ಎಷ್ಟು ಮಂದಿಗೆ ಬರುತ್ತದೆ? ತಂದೆತಾಯಿಗಳಾದ ನಾವು ಇದನ್ನು ಕಲಿಸಿದ್ದೇವೆಯೆ?

ಈ ಪ್ರಶ್ನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಟ್ಯೂರಿನ್ ನಗರದ ಒಬ್ಬ ಬಡ ಗುರು ಇದೇ ಪ್ರಶ್ನೆಯನ್ನು ತಮ್ಮ ಜೀವನದ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಅವರೇ ಸಂತ ಜಾನ್ ಬೋಸ್ಕೊ. ಲೋಕವೆಲ್ಲ ಪ್ರೀತಿಯಿಂದ ಕರೆಯುವ ಡಾನ್ ಬೋಸ್ಕೊ. ಅವರ ಅದ್ಭುತಗಳನ್ನೂ ಸ್ವಪ್ನಗಳನ್ನೂ ನಾವು ಪ್ರಸಂಗಗಳಲ್ಲಿ ಕೇಳಿ ಬಲ್ಲೆವು. ಹುಡುಗರು ತಮ್ಮ ಕಾಲ ಮೇಲೆ ತಾವು ನಿಲ್ಲುವಂತೆ ಅವರು ಹಾಕಿಕೊಟ್ಟ ದಾರಿಯನ್ನು ಮಾತ್ರ ಇಲ್ಲಿ ನೋಡೋಣ.

ಕಷ್ಟವೇ ಪಾಠಶಾಲೆ

1815ನೆಯ ಇಸವಿ ಆಗಸ್ಟ್ 16ರಂದು ಪೀಡ್ಮಾಂಟ್ ಪ್ರಾಂತದ ಬೆಕ್ಕಿ ಎಂಬ ಪುಟ್ಟ ಹಳ್ಳಿಯ ರೈತ ಕುಟುಂಬದಲ್ಲಿ ಜಾನ್ ಜನಿಸಿದನು. ಎರಡು ವರ್ಷ ತುಂಬುವ ಮೊದಲೇ, 1817ರಲ್ಲಿ, ತಂದೆ ತೀರಿಕೊಂಡರು. ಅದು ಕ್ಷಾಮದ ವರ್ಷ. ತಾಯಿ ಮಾರ್ಗರೀತಾ ಅಕ್ಷರ ಬಲ್ಲವಳಲ್ಲ. ಆದರೆ ದೇವರನ್ನು ಬಲ್ಲವಳು, ದುಡಿಮೆಯನ್ನು ಬಲ್ಲವಳು. ಮುದುಕಿಯಾದ ಅತ್ತೆ, ಗಂಡನ ಮೊದಲ ಹೆಂಡತಿಯ ಮಗ ಆಂಟನಿ, ತನ್ನ ಮಕ್ಕಳಾದ ಜೋಸೆಫ್ ಮತ್ತು ಜಾನ್ ಇವರೆಲ್ಲರ ಹೊಟ್ಟೆಯ ಭಾರ ಆಕೆಯ ಮೇಲೆ ಬಿದ್ದಿತು. ಆ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಅವರ ಕೈಗೆ ತಕ್ಕ ಕೆಲಸವಿತ್ತು. ಕೆಲಸವನ್ನು ಶಿಕ್ಷೆಯೆಂದು ಭಾವಿಸದೆ ಮನೆಯಲ್ಲಿ ತನಗೂ ಒಂದು ಪಾಲಿದೆಯೆಂದು ತಿಳಿಯುವ ಪಾಠ ಜಾನನಿಗೆ ಇಲ್ಲಿಯೇ ದೊರೆಯಿತು.

ಓದಬೇಕೆಂಬ ಹಂಬಲ ಜಾನನಿಗೆ. ಹೊಲದಲ್ಲಿ ದುಡಿಯುವ ಕೈ ಬೇಕೆಂಬ ಒತ್ತಾಯ ಅಣ್ಣ ಆಂಟನಿಗೆ. ಜಗಳ ವಿಕೋಪಕ್ಕೆ ಹೋದಾಗ 1828ರ ಚಳಿಗಾಲದಲ್ಲಿ, ಹನ್ನೆರಡು ವರ್ಷದ ಜಾನನನ್ನು ತಾಯಿ ಕಣ್ಣೀರಿನೊಂದಿಗೆ ಮನೆಯಿಂದ ಕಳುಹಿಸಬೇಕಾಯಿತು. ಅವನು ಮೊಲ್ಯಾ ಎಂಬವರ ಹೊಲಮನೆಯಲ್ಲಿ ಸುಮಾರು ಎರಡು ವರ್ಷ ಆಳಾಗಿ ದುಡಿದನು. ಮುಂದೆ ಕಾಸ್ತೆಲ್‌ನುವೊವೊದ ಶಾಲೆಗೆ ಸೇರಿದಾಗ ಒಬ್ಬ ದರ್ಜಿಯ ಮನೆಯಲ್ಲಿ ಉಳಿದು ಬಟ್ಟೆ ಕತ್ತರಿಸಿ ಹೊಲಿಯಲು ಕಲಿತನು. ಕಮ್ಮಾರನ ಕುಲುಮೆಯಲ್ಲಿ ಸುತ್ತಿಗೆ ಹಿಡಿದನು. 1831ರಿಂದ ಕಿಯೆರಿ ಪಟ್ಟಣದಲ್ಲಿ ಓದುತ್ತಿದ್ದಾಗ ಒಂದು ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತು ಕಾಫಿಯನ್ನೂ ಮಿಠಾಯಿಗಳನ್ನೂ ತಯಾರಿಸುವುದನ್ನು ತಿಳಿದುಕೊಂಡನು. ಬಿಲಿಯರ್ಡ್ಸ್ ಆಟದ ಅಂಕಗಳನ್ನು ಬರೆಯುವ ನಡುವೆಯೇ ಪಾಠ ಓದಿಕೊಂಡನು. ಇವೆಲ್ಲವೂ ಹೊಟ್ಟೆಪಾಡಿಗಾಗಿ ಮಾಡಿದ ಕೆಲಸಗಳು. ಆದರೆ ದೇವರ ಲೆಕ್ಕದಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ. ಆ ಸೂಜಿ, ಆ ಸುತ್ತಿಗೆ, ಆ ಒಲೆ ಎಲ್ಲವೂ ಮುಂದೊಂದು ದಿನ ನೂರಾರು ಅನಾಥರ ಉಪಯೋಗಕ್ಕೆ ಬಂದವು.

ಸೆರೆಮನೆಯಲ್ಲಿ ಕಂಡ ಸತ್ಯ

1841ರ ಜೂನ್ 5ರಂದು ಜಾನ್ ಬೋಸ್ಕೊ ಟ್ಯೂರಿನ್ನಿನಲ್ಲಿ ಗುರುದೀಕ್ಷೆಯನ್ನು ಪಡೆದರು. ತಮ್ಮ ಆಧ್ಯಾತ್ಮಿಕ ಮಾರ್ಗದರ್ಶಕರಾದ ವಂದನೀಯ ಜೋಸೆಫ್ ಕಫಾಸ್ಸೊ ಅವರೊಂದಿಗೆ ನಗರದ ಸೆರೆಮನೆಗಳನ್ನು ಸಂದರ್ಶಿಸಿದಾಗ ಅವರ ಹೃದಯ ನಡುಗಿತು. ಮೈಕೈ ಗಟ್ಟಿಯಾದ, ಬುದ್ಧಿ ಚುರುಕಾದ ಎಳೆಯ ಹುಡುಗರು ಅಲ್ಲಿ ಕೊಳೆಯುತ್ತಿದ್ದರು. ಬಿಡುಗಡೆಯಾದವರಲ್ಲಿ ಹಲವರು ಮತ್ತೆ ಅಲ್ಲಿಗೇ ಮರಳುತ್ತಿದ್ದರು. ಕಾರಣವನ್ನು ಅರಸಿದಾಗ ಅವರಿಗೆ ತಿಳಿದುಬಂದುದಿಷ್ಟು: ಹೊರಗೆ ಬಂದ ಹುಡುಗನಿಗೆ ತನ್ನವರೆಂಬವರಿಲ್ಲ, ಉಳಿಯಲು ನೆಲೆಯಿಲ್ಲ, ಕೈಯಲ್ಲಿ ಕಸುಬಿಲ್ಲ.

ಟ್ಯೂರಿನ್ ಆಗ ಬೆಳೆಯುತ್ತಿದ್ದ ನಗರ. ಗಾರೆ ಕೆಲಸಕ್ಕೂ ಹೊಗೆಗೂಡು ಗುಡಿಸುವುದಕ್ಕೂ ಬೆಟ್ಟದ ಹಳ್ಳಿಗಳಿಂದ ಹುಡುಗರು ಗುಂಪುಗುಂಪಾಗಿ ಬರುತ್ತಿದ್ದರು. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವಿ ಮಾತೆಯ ಹಬ್ಬದ ದಿನ, ಅಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಇಂತಹ ಒಬ್ಬ ಹುಡುಗನು ಅವರಿಗೆ ದೊರೆತನು. ಬಾರ್ತಲೊಮೆಯೊ ಗರೆಲ್ಲಿ ಎಂಬ ಆ ಅನಾಥ ಗಾರೆ ಕೆಲಸದ ಹುಡುಗನಿಗೆ ಪೂಜೆಯಲ್ಲಿ ನೆರವಾಗಲು ತಿಳಿಯದೆಂದು ದೇವಾಲಯದ ಸೇವಕನು ಹೊಡೆದು ಓಡಿಸಿದ್ದನು. ಡಾನ್ ಬೋಸ್ಕೊ ಅವನನ್ನು ಮರಳಿ ಕರೆಸಿ, ಗೆಳೆಯನಂತೆ ಮಾತನಾಡಿಸಿ, ಅಂದೇ ಜ್ಞಾನೋಪದೇಶವನ್ನು ಆರಂಭಿಸಿದರು. ಒಬ್ಬನು ಹತ್ತಾದನು, ಹತ್ತು ನೂರಾಯಿತು. ಗದ್ದಲದ ಹುಡುಗರಿಗೆ ಜಾಗ ಕೊಡುವವರಿಲ್ಲದೆ ವರ್ಷಗಟ್ಟಲೆ ಅಲೆದಾಡಿ, 1846ರ ಪಾಸ್ಖ ಹಬ್ಬದಂದು ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ತಗ್ಗು ಮಾಡಿನ ಕೊಟ್ಟಿಗೆಯೊಂದರಲ್ಲಿ ಅವರು ನೆಲೆಯೂರಿದರು.

ತಾಯಿಯ ಅಡಿಗೆಮನೆ

ಅದೇ ವರ್ಷ ನವೆಂಬರ್ ತಿಂಗಳಲ್ಲಿ ಐವತ್ತೆಂಟರ ತಾಯಿ ಮಾರ್ಗರೀತಾ ತನ್ನ ಹಳ್ಳಿಯನ್ನೂ ಮೊಮ್ಮಕ್ಕಳನ್ನೂ ಬಿಟ್ಟು ಮಗನ ನೆರವಿಗೆ ಬಂದಳು. ಮೊದಲ ಅನುಭವಗಳು ಕಹಿಯಾಗಿದ್ದವು. ಹುಲ್ಲಿನಟ್ಟದಲ್ಲಿ ರಾತ್ರಿ ಆಶ್ರಯ ಪಡೆದ ಕೆಲವು ಹುಡುಗರು ಬೆಳಗಾಗುವುದರೊಳಗೆ ಹೊದಿಕೆಗಳೊಂದಿಗೆ ಮಾಯವಾದರು. 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ ವಾಲ್ಸೇಸಿಯಾ ಕಣಿವೆಯ ಅನಾಥ ಬಾಲಕನೊಬ್ಬನು ತೊಯ್ದು ನಡುಗುತ್ತ ಬಂದಾಗ ತಾಯಿಯು ಅಡಿಗೆಮನೆಯಲ್ಲಿ ಇಟ್ಟಿಗೆ ಹಲಗೆಗಳನ್ನು ಜೋಡಿಸಿ ಹಾಸಿಗೆ ಹಾಸಿದಳು. ದುಡಿಮೆ, ಪ್ರಾಮಾಣಿಕತೆ, ಭಕ್ತಿಗಳ ಕುರಿತು ನಾಲ್ಕು ಬುದ್ಧಿಮಾತು ಹೇಳಿ ಪ್ರಾರ್ಥನೆ ಮಾಡಿಸಿ ಮಲಗಿಸಿದಳು. ಪಾತ್ರೆಗಳು ಕಾಣೆಯಾದಾವೆಂದು ಡಾನ್ ಬೋಸ್ಕೊ ಬಾಗಿಲಿಗೆ ಬೀಗ ಹಾಕಿಸಿದರಂತೆ! ಪ್ರೀತಿಯೊಂದಿಗೆ ಎಚ್ಚರವೂ ಬೇಕೆಂಬುದನ್ನು ಅವರು ಅರಿತಿದ್ದರು. ಆದರೆ ಬಾಗಿಲನ್ನು ಮಾತ್ರ ಯಾರಿಗೂ ಮುಚ್ಚಲಿಲ್ಲ. ಆ ಹುಡುಗನೇ ಅವರ ಮನೆಯ ಮೊದಲ ಮಗ.

ಗುರುಗಳೇ ಕಟ್ಟಿಗೆ ಒಡೆದು, ಅಡಿಗೆಗೆ ಕೈಹಾಕಿ, ಹುಡುಗರ ತಲೆಗೂದಲು ಕತ್ತರಿಸಿ, ಬಟ್ಟೆಗಳಿಗೆ ತೇಪೆ ಹಚ್ಚುತ್ತಿದ್ದರು. ಹುಡುಗರು ಅದನ್ನು ನೋಡಿ ತಾವೂ ಕೈಗೂಡಿಸಿದರು. ಒಮ್ಮೆ ಅವರು ಯುದ್ಧದ ಆಟವಾಡುತ್ತ ತಾಯಿಯ ತರಕಾರಿ ತೋಟವನ್ನೆಲ್ಲ ತುಳಿದು ಹಾಕಿದರು. ಬೇಸತ್ತ ಆಕೆ ಊರಿಗೆ ಮರಳುವೆನೆಂದಾಗ ಡಾನ್ ಬೋಸ್ಕೊ ಮಾತನಾಡದೆ ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿದರು. ಆಕೆ ಉಳಿದಳು, 1856ರಲ್ಲಿ ಕಣ್ಣುಮುಚ್ಚುವವರೆಗೂ ಆ ಮಕ್ಕಳ ತಾಯಿಯಾಗಿಯೇ ಉಳಿದಳು.

ಕರಾರು, ಉಳಿತಾಯ, ಲೆಕ್ಕ

ಅಂದಿನ ದಿನಗಳಲ್ಲಿ ಕಸುಬು ಕಲಿಯಲು ಸೇರಿದ ಹುಡುಗನನ್ನು ಯಜಮಾನನು ಮನೆಯಾಳಿನಂತೆ ದುಡಿಸಿಕೊಳ್ಳುವುದು, ಹೊಡೆಯುವುದು, ಭಾನುವಾರವೂ ಬಿಡದಿರುವುದು ಸಾಮಾನ್ಯವಾಗಿತ್ತು. ವರ್ಷಗಳು ಕಳೆದರೂ ಕಸುಬು ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಡಾನ್ ಬೋಸ್ಕೊ ಕೆಲಸದ ಸ್ಥಳಗಳಿಗೇ ಹೋಗಿ ವಿಚಾರಿಸತೊಡಗಿದರು. ಬಾಯಿಮಾತನ್ನು ನಂಬದೆ ಛಾಪಾ ಕಾಗದದ ಮೇಲೆ ಕರಾರು ಬರೆಯಿಸಿದರು. 1852ರ ಫೆಬ್ರವರಿ 8ರಂದು ಒಬ್ಬ ಬಡಗಿಯೊಂದಿಗೆ ಒಬ್ಬ ಹುಡುಗನ ಪರವಾಗಿ ಮಾಡಿಕೊಂಡ ಇಂತಹ ಕರಾರು ಇಂದಿಗೂ ಉಳಿದಿದೆ. ಯಜಮಾನನು ಕಸುಬನ್ನು ಪೂರ್ಣವಾಗಿ ಕಲಿಸತಕ್ಕದ್ದು. ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಕೂಡದು. ಕಸುಬಿಗೆ ಸಂಬಂಧಿಸದ ಚಾಕರಿಯನ್ನು ಮಾಡಿಸಕೂಡದು. ಹಬ್ಬದ ದಿನಗಳನ್ನು ಬಿಡುವಾಗಿ ಕೊಡತಕ್ಕದ್ದು. ಗೊತ್ತುಮಾಡಿದ ಕೂಲಿಯನ್ನು ಸಲ್ಲಿಸತಕ್ಕದ್ದು. ಹುಡುಗನಾದರೋ ಶ್ರದ್ಧೆ, ವಿಧೇಯತೆ, ಗೌರವಗಳಿಂದ ನಡೆಯತಕ್ಕದ್ದು. ಹಕ್ಕು ಮತ್ತು ಹೊಣೆ ಒಂದೇ ಕಾಗದದಲ್ಲಿರುವುದನ್ನು ಹುಡುಗನು ಇಲ್ಲಿ ಕಣ್ಣಾರೆ ಕಂಡನು. ಬಡವರ ಮಗನಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಬೇರೊಂದಿರಲಾರದೆಂದು ನಮಗೆ ತೋರುತ್ತದೆ.

ಕಾಯಿಲೆ ಬಿದ್ದರೆ ಕೂಲಿಯಿಲ್ಲ, ಕೂಲಿಯಿಲ್ಲದಿದ್ದರೆ ಊಟವಿಲ್ಲ. ಇದಕ್ಕಾಗಿ 1850ರಲ್ಲಿ ಹುಡುಗರದೇ ಪರಸ್ಪರ ಸಹಾಯ ಸಂಘವನ್ನು ಸ್ಥಾಪಿಸಿದರು. ಪ್ರತಿ ಭಾನುವಾರ ಸದಸ್ಯನು ಒಂದು ಸೋಲ್ದೊ, ಅಂದರೆ 5 ಸೆಂಟೆಸಿಮೊ, ಕಟ್ಟಬೇಕು; ಸೇರಿ ಆರು ತಿಂಗಳಾದ ಮೇಲೆ ಕಾಯಿಲೆ ಬಿದ್ದರೆ ಗುಣವಾಗುವ ತನಕ ದಿನಕ್ಕೆ 50 ಸೆಂಟೆಸಿಮೊ ಸಹಾಯ ದೊರೆಯುತ್ತಿತ್ತು. ದಾನಿಗಳ ಮುಂದೆ ಕೈಚಾಚಿ ಹಂಚಿಬಿಡಬಹುದಾಗಿತ್ತು. ಆದರೆ ತನ್ನ ಕಾಸಿನಿಂದ ತಾನೂ ನೆರೆಯವನೂ ಬದುಕುವುದನ್ನು ಹುಡುಗನು ಕಲಿಯಲಿ ಎಂಬುದು ಅವರ ಉದ್ದೇಶವಾಗಿತ್ತು.

1850ರಿಂದ ಪೀಡ್ಮಾಂಟಿನಲ್ಲಿ ದಶಮಾಂಶದ ಅಳತೆ ತೂಕಗಳು ಕಡ್ಡಾಯವಾಗಿ ಜಾರಿಗೆ ಬಂದವು. ಹಳೆಯ ಲೆಕ್ಕ ಮಾತ್ರ ಬಲ್ಲ ಕೂಲಿಕಾರರೂ ರೈತರೂ ಸಂತೆಯಲ್ಲಿ ಮೋಸಹೋಗುವರೆಂದು ಮುಂಗಂಡ ಡಾನ್ ಬೋಸ್ಕೊ ಅದಕ್ಕೆ ಮೊದಲೇ ಸರಳವಾದ ಕೈಪಿಡಿಯೊಂದನ್ನು ಬರೆದರು. ಅದನ್ನೇ ನಗೆಯ ಸಂಭಾಷಣೆಗಳನ್ನಾಗಿಸಿ ಹುಡುಗರಿಂದ ರಂಗದ ಮೇಲೆ ಆಡಿಸಿದರು. ಹಗಲೆಲ್ಲ ದುಡಿದು ಬಂದವರಿಗೆ ರಾತ್ರಿ ಶಾಲೆಯಲ್ಲಿ ಓದು, ಬರಹ, ಲೆಕ್ಕ, ಸಂಗೀತಗಳ ಪಾಠ ನಡೆಯುತ್ತಿತ್ತು.

ಕಾರ್ಯಾಗಾರಗಳು

ಹೊರಗಿನ ಅಂಗಡಿಗಳಲ್ಲಿ ದುಶ್ಚಟಗಳ ಸಹವಾಸ ಹುಡುಗರನ್ನು ಕೆಡಿಸುವುದನ್ನು ಕಂಡು ಅವರು ಮನೆಯೊಳಗೇ ಕಾರ್ಯಾಗಾರಗಳನ್ನು ತೆರೆದರು. 1853ರಲ್ಲಿ ಚಮ್ಮಾರಿಕೆ ಮತ್ತು ಹೊಲಿಗೆ, 1854ರಲ್ಲಿ ಪುಸ್ತಕ ಕಟ್ಟುವ ಕೆಲಸ, 1856ರಲ್ಲಿ ಬಡಗಿತನ, ಅನಂತರ ಮುದ್ರಣಾಲಯ ಮತ್ತು ಕಮ್ಮಾರಸಾಲೆ ಹೀಗೆ ಒಂದೊಂದಾಗಿ ಬೆಳೆದವು. ಆರಂಭ ಬಹಳ ಬಡತನದ್ದು. ಪುಸ್ತಕ ಕಟ್ಟಲು ತಿಳಿದವರಿಲ್ಲದಾಗ ಗುರುಗಳೇ ಹಾಳೆಗಳನ್ನು ಮಡಿಸಿ, ತಾಯಿಯ ಕೈಯಿಂದ ಹೊಲಿಸಿ, ಹಿಟ್ಟಿನ ಅಂಟು ಹಚ್ಚಿ ಮೊದಲ ಪುಸ್ತಕವನ್ನು ಕಟ್ಟಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಮೂರು ದಶಕಗಳ ಬಳಿಕ, 1884ರ ಟ್ಯೂರಿನ್ ವಸ್ತುಪ್ರದರ್ಶನದಲ್ಲಿ ಕಾಗದ ತಯಾರಿಕೆಯಿಂದ ಹಿಡಿದು ಕಟ್ಟಿದ ಪುಸ್ತಕದವರೆಗಿನ ಎಲ್ಲ ಕೆಲಸವನ್ನೂ ಅವರ ಹುಡುಗರು ಜನರ ಕಣ್ಣೆದುರಿಗೆ ಮಾಡಿ ತೋರಿಸಿದರು.

ಹೆಣ್ಣುಮಕ್ಕಳನ್ನೂ ಇಲ್ಲಿ ಮರೆಯಲಾಗದು. ಮೊರ್ನೆಸೆ ಗ್ರಾಮದ ಮರಿಯ ದೊಮೆನಿಕಾ ಮಜ್ಜರೆಲ್ಲೊ 1860ರಲ್ಲಿ ಟೈಫಸ್ ಜ್ವರದಿಂದ ಹೊಲದ ದುಡಿಮೆಗೆ ಶಕ್ತಿಯಿಲ್ಲದವಳಾದಾಗ ಎದೆಗುಂದದೆ ಹೊಲಿಗೆ ಕಲಿತು, ಹಳ್ಳಿಯ ಹುಡುಗಿಯರಿಗೂ ಕಲಿಸತೊಡಗಿದಳು. 1872ರಲ್ಲಿ ಡಾನ್ ಬೋಸ್ಕೊ ಆಕೆಯೊಡನೆ ಸಹಾಯಮಾತೆಯ ಪುತ್ರಿಯರ ಸಭೆಯನ್ನು ಸ್ಥಾಪಿಸಿದರು. ಆಕೆಯೂ ಇಂದು ಸಂತಳಾಗಿ ಪೂಜಿತಳಾಗಿದ್ದಾಳೆ.

ಗುರುಗಳಿಗಾಗಿ 1859ರಲ್ಲಿಯೇ ಸಲೇಸಿಯನ್ ಸಭೆಯು ಹುಟ್ಟಿತ್ತು. 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಅವರು ಬರೆದಿಟ್ಟರು. ತಪ್ಪಿದ ಮೇಲೆ ದಂಡಿಸುವುದಕ್ಕಿಂತ ತಪ್ಪದಂತೆ ಜೊತೆಗಿದ್ದು ಕಾಯುವುದು ಮೇಲೆಂಬುದು ಅದರ ಸಾರ. ವಿವೇಕ, ಧರ್ಮಶ್ರದ್ಧೆ, ವಾತ್ಸಲ್ಯ ಇವು ಅದರ ಮೂರು ಆಧಾರಗಳು. 1886ರಲ್ಲಿ ಸಭೆಯ ಹಿರಿಯರು ಕುಶಲ ಕಸುಬಿನ ವಿದ್ಯಾರ್ಥಿಗಳ ಕುರಿತು ಮಾಡಿದ ನಿರ್ಣಯವೂ ಗಮನಾರ್ಹವಾಗಿದೆ: ಮನೆಯಿಂದ ಹೊರಡುವ ಹುಡುಗನು ಅನ್ನ ಗಳಿಸುವ ಕಸುಬನ್ನೂ ಧರ್ಮದ ತಿಳುವಳಿಕೆಯನ್ನೂ ತನ್ನ ಸ್ಥಿತಿಗೆ ಬೇಕಾದ ವಿದ್ಯೆಯನ್ನೂ ಪಡೆದಿರಬೇಕು.

1888ರ ಜನವರಿ 31ರ ಮುಂಜಾನೆ ಡಾನ್ ಬೋಸ್ಕೊ ಪ್ರಭುವಿನಲ್ಲಿ ವಿಶ್ರಾಂತಿ ಹೊಂದಿದರು. 1934ರ ಏಪ್ರಿಲ್ 1ರಂದು, ಪಾಸ್ಖ ಹಬ್ಬದ ದಿನ, ಜಗದ್ಗುರು ಹನ್ನೊಂದನೆಯ ಪಿಯುಸರು ಅವರಿಗೆ ಸಂತ ಪದವಿಯನ್ನು ನೀಡಿದರು. ಅವರ ಮಕ್ಕಳು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಸೇವೆಯನ್ನಾರಂಭಿಸಿದರು. ಬೆಂಗಳೂರಿನ ಬೀದಿಗಳಲ್ಲಿ ಅಲೆಯುವ ಮಕ್ಕಳಿಗಾಗಿ 1980ರಲ್ಲಿ ಆರಂಭವಾದ ಬಾಸ್ಕೊ ಸಂಸ್ಥೆಯೂ ಅದೇ ಬಳ್ಳಿಯ ಕುಡಿ.

ನಮ್ಮ ಮನೆಗಳಿಗೆ ಒಂದು ಮಾತು

ಪ್ರಿಯ ವಾಚಕರೇ, ಡಾನ್ ಬೋಸ್ಕೊ ಅವರ ಹುಡುಗರಿಗೆ ಆಸರೆಯಿರಲಿಲ್ಲ. ನಮ್ಮ ಮಕ್ಕಳಿಗೆ ಅತಿಯಾದ ಆಸರೆಯೇ ತೊಡಕಾಗುತ್ತಿರಬಹುದು. ಓದುವ ಮಗುವಿಗೆ ಕೆಲಸ ಹೇಳಬಾರದೆಂಬ ಅಕ್ಕರೆಯಿಂದ ಲೋಟವನ್ನೂ ತೊಳೆಯಗೊಡದೆ ಬೆಳೆಸಿದರೆ, ಮುಂದೆ ಅವನು ಇನ್ನೊಬ್ಬರ ಮನೆಯಲ್ಲಿಯೋ ಹಾಸ್ಟೆಲಿನಲ್ಲಿಯೋ ಪರದೇಶದಲ್ಲಿಯೋ ಅದರ ಬೆಲೆ ತೆರಬೇಕಾದೀತು. ಅಡಿಗೆಯ ಪಾಠ ಮಗಳಿಗೆ ಮಾತ್ರ, ಬ್ಯಾಂಕಿನ ವ್ಯವಹಾರ ಮಗನಿಗೆ ಮಾತ್ರ ಎಂಬ ಭೇದವೂ ಸಲ್ಲದು. ಒಲೆಯ ಮುಂದೆ ನಿಂತ ಗುರುಗಳನ್ನೂ ಹೊಲಿಗೆಯಿಂದ ಒಂದು ಸಭೆಯನ್ನೇ ಕಟ್ಟಿದ ಕನ್ಯೆಯನ್ನೂ ನಾವು ಈಗಷ್ಟೇ ಕಂಡೆವು.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ನಮ್ಮ ಧರ್ಮಕೇಂದ್ರದಲ್ಲಿಯೇ ದರ್ಜಿಗಳಿದ್ದಾರೆ, ಬಡಗಿಗಳಿದ್ದಾರೆ, ವಿದ್ಯುತ್ ಕೆಲಸ ಬಲ್ಲವರಿದ್ದಾರೆ, ನಿವೃತ್ತರಾದ ಲೆಕ್ಕಿಗರೂ ದಾದಿಯರೂ ಇದ್ದಾರೆ. ಭಾನುವಾರದ ಜ್ಞಾನೋಪದೇಶ ಮುಗಿದ ಬಳಿಕ ಇವರಲ್ಲಿ ಒಬ್ಬೊಬ್ಬರು ತಿಂಗಳಿಗೊಮ್ಮೆ ಒಂದು ಗಂಟೆಯನ್ನು ಯುವಜನರಿಗೆ ಕೊಟ್ಟರೂ ಒಂದು ವರ್ಷದಲ್ಲಿ ಫಲ ಕಂಡೀತು. ಶತಮಾನೋತ್ಸವದ ದೀಪಗಳೂ ತೋರಣಗಳೂ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಈ ಕೆಲಸವಾದರೋ ಮುಂದಿನ ತಲೆಮಾರಿಗೆ ಉಳಿಯುತ್ತದೆ.

ಯುವಜನರ ತಂದೆಯೂ ಗುರುವೂ ಆದ ಸಂತ ಜಾನ್ ಬೋಸ್ಕೊ ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಲಿ. ಸಹಾಯಮಾತೆಯ ಆಶ್ರಯದಲ್ಲಿ ಅವರ ಕೈಗಳು ದುಡಿಮೆಗೆ ಒಗ್ಗಲಿ, ಮನಸ್ಸು ದೇವರಲ್ಲಿ ನೆಲೆಗೊಳ್ಳಲಿ ಎಂದು ನಾವು ಹಾರೈಸುತ್ತೇವೆ.